ಕಡಲಿಗೆ ಮುಖಮಾಡಿದ ಹೋಟೆಲು: ಒಂದು ಓದು

ಕಥೆ, ಕಾದಂಬರಿ, ಕವನಸಂಕಲನಗಳನ್ನು ಕುರಿತು ಬರೆದು ರೂಢಿಯಿರುವ ನಾವು ಈ ಸಲದ ಸ್ಮರಣ ಸಂಚಿಕೆಗೆ ಒಂದು ಹೋಟೆಲನ್ನು ಕುರಿತು ಬರೆಯುತ್ತಿದ್ದೇವೆ. ಸಂಪಾದಕರು ಮೊದಲು ನಕ್ಕರು, ಆಮೇಲೆ ಒಪ್ಪಿದರು. ಕಟ್ಟಡವೂ ಒಂದು ಕೃತಿಯೇ. ಅದಕ್ಕೆ ಆಶಯವಿದೆ, ಶೈಲಿಯಿದೆ, ಕಟ್ಟುವಾಗ ಕಲ್ಪಿಸಿಕೊಂಡ ಓದುಗನೊಬ್ಬನಿದ್ದಾನೆ. ಅದು ಏನನ್ನು ಹೇಳುತ್ತದೆ, ಏನನ್ನು ಹೇಳದೆ ಬಿಡುತ್ತದೆ ಎಂದು ಕೇಳುವುದು ವಿಮರ್ಶೆಯ ವ್ಯಾಪ್ತಿಗೆ ಹೊರತಾದುದೆಂದು ನಮಗೆ ತೋರುವುದಿಲ್ಲ.

ಬೆಂಗಳೂರಿನಲ್ಲಿ ನೆಲೆಸಿರುವ ಮಗಳು ಮತ್ತು ಅಳಿಯ ನಮ್ಮ ಮದುವೆಯ 40ನೆಯ ವರ್ಷದ ನೆಪದಲ್ಲಿ ನಮಗೆ ಎರಡು ರಾತ್ರಿಗಳ ವಾಸ್ತವ್ಯವನ್ನು ಉಡುಗೊರೆಯಾಗಿ ಕೊಟ್ಟರು. ಕಾಸರಗೋಡಿನಿಂದ ದಕ್ಷಿಣಕ್ಕೆ ಹೋಗುವ ರೈಲಿನ ಹಾದಿಯಲ್ಲಿ ಸಿಗುವ ಒಂದು ತೀರ. ಹೋಟೆಲಿನ ಹೆಸರು ಇಲ್ಲಿ ಬೇಕಾಗಿಲ್ಲ. ಮಳೆಗಾಲದ ರಾತ್ರಿಗಳಲ್ಲಿ ನಮ್ಮ ಮನೆಯ ಜಗಲಿಗೆ ಕಡಲಿನ ಮೊರೆತ ಕೇಳಿಸುತ್ತದೆ. ಅದೇ ಕಡಲನ್ನು ಹಣ ತೆತ್ತು ನೋಡುವ ದಿನ ಬಂದೀತೆಂದು ನಾವು ಎಣಿಸಿರಲಿಲ್ಲ. ಕಡಲು ಕಾಣುವ ಕೋಣೆಗೆ ಒಂದು ದರ, ತೋಟ ಕಾಣುವ ಕೋಣೆಗೆ ಇನ್ನೊಂದು ದರ ಎಂದು ತಿಳಿದಾಗ, ತೋಟದ ನಡುವೆಯೇ ಬದುಕು ಕಳೆದ ನಮಗೆ ಸ್ವಲ್ಪ ಅವಮಾನವಾದದ್ದೂ ನಿಜ.

ಮೊದಲು ಗುಣವನ್ನು ಹೇಳಬೇಕು. ಆ ಹೋಟೆಲಿನ ಗೋಡೆಗಳು ಮುರಕಲ್ಲಿನವು. ಅವಕ್ಕೆ ಸಿಮೆಂಟು ಬಳಿದಿಲ್ಲ. ಮಣ್ಣಿನಡಿಯಿಂದ ಕಡಿದು ತೆಗೆಯುವಾಗ ಮೆದುವಾಗಿದ್ದು ಗಾಳಿಬಿಸಿಲಿಗೆ ತೆರೆದುಕೊಂಡಂತೆ ಗಟ್ಟಿಯಾಗುವ ಈ ಕಲ್ಲನ್ನು ಫ್ರಾನ್ಸಿಸ್ ಬುಕಾನನ್ ಮಲಬಾರಿನಲ್ಲಿ ಕಂಡು, 1807ರಲ್ಲಿ ಅಚ್ಚಾದ ತನ್ನ ಪ್ರವಾಸಗ್ರಂಥದಲ್ಲಿ ಅದಕ್ಕೆ ಲ್ಯಾಟರೈಟ್ ಎಂದು ಹೆಸರಿಟ್ಟ. ಅದಕ್ಕೂ ಬಹಳ ಮುಂಚೆ ಕೆಳದಿಯ ಶಿವಪ್ಪನಾಯಕನ ಕಾಲದಲ್ಲಿ ಬೇಕಲದ ಕೋಟೆ ಎದ್ದುನಿಂತದ್ದು ಇದೇ ಕಲ್ಲಿನಿಂದ. ಆ ಕೋಟೆಯನ್ನು ಈಗಿನವರು ‘ಬಾಂಬೆ’ ಚಲನಚಿತ್ರದ ಹಾಡಿನಿಂದ ಗುರುತಿಸುತ್ತಾರೆ, ಇರಲಿ. ಹೋಟೆಲಿನ ಮಾಡು ಹಂಚಿನದು, ಸೂರು ತಗ್ಗಿ ಮುಂದಕ್ಕೆ ಚಾಚಿದೆ, ಅಡ್ಡಗಾಳಿ ಹಾಯುವಂತೆ ಕಿಟಕಿಗಳನ್ನು ಇಟ್ಟಿದ್ದಾರೆ. ಏಪ್ರಿಲಿನ ಮಧ್ಯಾಹ್ನ ಪಡಸಾಲೆಯಲ್ಲಿ ಯಂತ್ರವಿಲ್ಲದೆ ಕುಳಿತುಕೊಳ್ಳಬಹುದಾಗಿತ್ತು. ನಮ್ಮ ಊರಿನಲ್ಲಿ ಕೊಲ್ಲಿಯ ಹಣದಿಂದಲೋ ಬೆಂಗಳೂರಿನ ಹಣದಿಂದಲೋ ಏಳುತ್ತಿರುವ ಕಾಂಕ್ರೀಟಿನ ಮನೆಗಳಿಗಿಂತ ಈ ಕಟ್ಟಡ ನಮ್ಮ ಹಿರಿಯರ ಮನೆಗೆ ಹತ್ತಿರವಾಗಿದೆ. ಲಾರಿ ಬೇಕರ್ ಕೇರಳದಲ್ಲಿ ಜೀವಮಾನವಿಡೀ ಬಡವರ ಮನೆಗಳಿಗಾಗಿ ಸಾಧಿಸಿ ತೋರಿಸಿದ ವಿವೇಕ ಈಗ ಸಿರಿವಂತರ ವಿಹಾರಕ್ಕೆ ಬಂದು ಸೇರಿದೆ ಎಂಬ ವ್ಯಂಗ್ಯವನ್ನು ಬದಿಗಿಟ್ಟರೆ, ಕಟ್ಟಡವಾಗಿ ಅದು ಮೆಚ್ಚತಕ್ಕದ್ದು. ಕೋಣೆಯಲ್ಲಿ ಪ್ಲಾಸ್ಟಿಕ್ ಬಾಟಲಿಯಿಲ್ಲ. ನೀರು ಗಾಜಿನ ಹೂಜಿಯಲ್ಲಿ ಬರುತ್ತದೆ. ಬಚ್ಚಲಿನ ನೀರನ್ನು ಶುದ್ಧೀಕರಿಸಿ ತೋಟಕ್ಕೆ ಬಿಡುತ್ತಾರೆ. ಇವನ್ನೆಲ್ಲ ಸೋಗು ಎಂದು ತಳ್ಳಿಹಾಕುವುದು ಸೋಮಾರಿತನ.

ಆದರೆ ಈ ಕೃತಿಗೆ ಒಂದು ಮುನ್ನುಡಿಯಿದೆ. ಅದು ಸ್ನಾನದ ಮನೆಯಲ್ಲಿ, ತಾಳೆಗರಿಯ ಬಣ್ಣದ ಕಾಗದದ ಮೇಲೆ ಅಚ್ಚಾಗಿತ್ತು. ಟವೆಲನ್ನು ನೆಲಕ್ಕೆ ಹಾಕಿದರೆ ಒಗೆಯುತ್ತೇವೆ, ಕೊಕ್ಕೆಗೆ ತೂಗಿಸಿದರೆ ನೀವು ಭೂಮಿಯನ್ನು ಉಳಿಸಿದಿರೆಂದು ತಿಳಿಯುತ್ತೇವೆ ಎಂಬುದು ಅದರ ಸಾರ. ಲೋಕದ ಎಲ್ಲ ಇಂಥ ಹೋಟೆಲುಗಳಲ್ಲಿಯೂ ಈ ಚೀಟಿ ಇರುತ್ತದಂತೆ. ಪರಿಸರವಾದಿ ಜೇ ವೆಸ್ಟರ್‌ವೆಲ್ಡ್ ಎಂಬವರು ಫಿಜಿ ದ್ವೀಪಗಳ ಒಂದು ವಿಹಾರಧಾಮದಲ್ಲಿ ಇಂಥದೇ ಚೀಟಿಯನ್ನು ಕಂಡಿದ್ದರು. ಹವಳದ ದಿಬ್ಬಗಳನ್ನು ಉಳಿಸಲು ಟವೆಲನ್ನು ಮತ್ತೆ ಬಳಸಿರೆಂದು ಅತಿಥಿಯನ್ನು ಕೇಳಿಕೊಳ್ಳುತ್ತಿದ್ದ ಆ ಧಾಮ ಅದೇ ಹೊತ್ತಿನಲ್ಲಿ ತನ್ನ ಕಟ್ಟಡಗಳನ್ನು ಹಿಗ್ಗಿಸುತ್ತಿತ್ತು. 1986ರಲ್ಲಿ ಅವರು ಬರೆದ ಪ್ರಬಂಧದಿಂದಲೇ ‘ಗ್ರೀನ್‌ವಾಷಿಂಗ್’ ಎಂಬ ಪದ ಬಳಕೆಗೆ ಬಂತು. ಹಾಗೆ ನೋಡಿದರೆ ಈ ಬಗೆಯ ವಿಮರ್ಶೆ ಹುಟ್ಟಿದ್ದೇ ಕಡಲತೀರದ ಹೋಟೆಲಿನ ಟವೆಲಿನಿಂದ.

ನಮ್ಮ ತಕರಾರು ಚೀಟಿಯ ಸತ್ಯಾಸತ್ಯದ್ದಲ್ಲ. ಒಂದು ಟವೆಲನ್ನು ಕಡಮೆ ಒಗೆದರೆ ಒಂದಿಷ್ಟು ನೀರು ಉಳಿಯುವುದು ದಿಟ. ತಕರಾರು ಅದರ ಅಳತೆಯದು. ಚೀಟಿಯನ್ನು ಓದಿ ಹೊರಗೆ ಬಂದರೆ ಕಾಣುವುದು ಸಿಹಿನೀರಿನ ಈಜುಕೊಳ, ಅದರಾಚೆ ನೂರಿನ್ನೂರು ಹೆಜ್ಜೆಗಳಲ್ಲಿ ಅರಬ್ಬೀ ಕಡಲು. ಕೆಲವು ಕೋಣೆಗಳ ಅಂಗಳದಲ್ಲಿ ಆ ಕೋಣೆಯವರಿಗೆಂದೇ ಪುಟ್ಟ ಕೊಳಗಳೂ ಇವೆ.

ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 3500 ಮಿ.ಮೀ. ಮಳೆ ಬೀಳುತ್ತದೆ. ಆದರೂ ಏಪ್ರಿಲ್ ಬಂದರೆ ಬಾವಿಯ ತಳ ಕಾಣುತ್ತದೆ. ಬಿದ್ದ ನೀರು ಮುರಕಲ್ಲಿನ ಇಳಿಜಾರಿನಲ್ಲಿ ನಿಲ್ಲದೆ ಕೆಲವೇ ಗಂಟೆಗಳಲ್ಲಿ ಕಡಲನ್ನು ಸೇರಿಬಿಡುತ್ತದೆ. ಇದನ್ನು ಅರಿತೇ ನಮ್ಮ ಹಿರಿಯರು ಗುಡ್ಡದ ಒಡಲಿಗೆ ಸುರಂಗ ಕೊರೆದರು: ಒಬ್ಬ ಮನುಷ್ಯ ಪಿಕ್ಕಾಸು ಹಿಡಿದು ಒಳಹೋಗುವಷ್ಟೇ ಅಗಲ, ಮೋಂಬತ್ತಿಯ ಬೆಳಕು, ತಿಂಗಳುಗಟ್ಟಲೆ ದುಡಿಮೆ, ಕೊನೆಗೆ ಬೆರಳಷ್ಟು ದಪ್ಪದ ನೀರಿನ ಎಳೆ. ಏತಡ್ಕದ ರೈತರು ವರ್ಷವರ್ಷವೂ ತೊರೆಗಳಿಗೆ ಕಟ್ಟ ಹಾಕುವುದೂ ಇದೇ ಅರಿವಿನಿಂದ. ತೀರದ ಮರಳಿನಲ್ಲಿ ಲೆಕ್ಕ ಇನ್ನೂ ಸೂಕ್ಷ್ಮ. ಅಲ್ಲಿ ಸಿಹಿನೀರು ಉಪ್ಪುನೀರಿನ ಮೇಲೆ ತೆಪ್ಪದಂತೆ ತೇಲುತ್ತಿರುತ್ತದೆ. ಸಮುದ್ರಮಟ್ಟಕ್ಕಿಂತ ಮೇಲೆ ಒಂದು ಅಡಿ ಸಿಹಿನೀರಿದ್ದರೆ ಕೆಳಗೆ ಸುಮಾರು 40 ಅಡಿ ಇರುತ್ತದೆಂಬುದು ಭೂಜಲ ಶಾಸ್ತ್ರದ ಹಳೆಯ ಸೂತ್ರ. ಪಂಪು ಹಚ್ಚಿ ಮೇಲಿನ ಒಂದು ಅಡಿಯನ್ನು ಇಳಿಸಿದರೆ ಕೆಳಗಿನಿಂದ ಉಪ್ಪು ಅಷ್ಟೂ ಮೇಲೇರಲು ಹವಣಿಸುತ್ತದೆ. ಉಪ್ಪು ಮೊದಲು ಮುಟ್ಟುವುದು ಆಳದ ಕೊಳವೆಬಾವಿಯನ್ನೋ ನೆರೆಮನೆಯ ತೆರೆದ ಬಾವಿಯನ್ನೋ ಎಂಬುದು ಅತಿಥಿಗೆ ಕಾಣುವುದಿಲ್ಲ. ಹೋಟೆಲಿನ ನೀರು ಎಲ್ಲಿಂದ ಬರುತ್ತದೆಂದು ನಾವು ಎರಡು ಸಲ ಕೇಳಿದೆವು. ಎರಡು ಸಲವೂ ಮಳೆಕೊಯ್ಲಿನ ಬಗ್ಗೆ ಸೊಗಸಾದ ವಿವರಣೆ ದೊರೆಯಿತು. ಸಂಜೆ ಹಿಂಬಾಗಿಲ ರಸ್ತೆಯಲ್ಲಿ ನಡೆಯುವಾಗ ಮೂರು ನೀರಿನ ಟ್ಯಾಂಕರುಗಳು ಸಾಲಾಗಿ ಒಳಹೋದುವು. ಯಾರ ಬಾವಿಯ ನೀರೋ.

ಟವೆಲಿನ ಚೀಟಿ ಮಾಡುವ ಕೆಲಸ ಇದೇ ಎಂದು ನಮಗೆ ತೋರುತ್ತದೆ. ಅದು ಹೊಣೆಯನ್ನು ಕೊಕ್ಕೆಗೆ ತೂಗುಹಾಕುವಷ್ಟು ಹಗುರಮಾಡಿ ಅತಿಥಿಯ ಕೈಗೆ ಕೊಡುತ್ತದೆ. ಅತಿಥಿಗೆ ಸಮಾಧಾನವಾಗುತ್ತದೆ, ಪ್ರಶ್ನೆ ಅಲ್ಲಿಗೆ ಮುಗಿಯುತ್ತದೆ. ಟ್ಯಾಂಕರಿನ ಬಗ್ಗೆ ಇನ್ನೊಂದು ಚೀಟಿ ಇದ್ದಿದ್ದರೆ ಈ ಹೋಟೆಲನ್ನು ನಾವು ಪ್ರಾಮಾಣಿಕ ಕೃತಿಯೆಂದು ಒಪ್ಪುತ್ತಿದ್ದೆವು.

ಕಡಲಿಗೂ ಕಟ್ಟಡಕ್ಕೂ ನಡುವೆ ಇರಬೇಕಾದ ಅಂತರವೂ ಇಂಥದೇ ಒಂದು ಪಠ್ಯ. 1991ರ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆ ಗ್ರಾಮೀಣ ತೀರಗಳಲ್ಲಿ ಭರತರೇಖೆಯಿಂದ 200 ಮೀಟರುಗಳವರೆಗೆ ಹೊಸ ಕಟ್ಟಡ ಕೂಡದೆಂದಿತು. 2019ರ ಅಧಿಸೂಚನೆ ಜನದಟ್ಟಣೆ ಚದರ ಕಿಲೋಮೀಟರಿಗೆ 2161ನ್ನು ಮೀರಿದ ಗ್ರಾಮೀಣ ತೀರಗಳಲ್ಲಿ ಅದನ್ನು 50 ಮೀಟರಿಗೆ ಇಳಿಸಿತು. ಇದೇ ಕೇರಳದಲ್ಲಿ, 2020ರ ಜನವರಿಯಲ್ಲಿ, ಈ ನಿಯಮವನ್ನು ಮೀರಿ ಹಿನ್ನೀರಿನ ದಡದಲ್ಲಿ ಎದ್ದಿದ್ದ ಮರಡಿನ ವಸತಿ ಸಮುಚ್ಚಯಗಳನ್ನು ಸರ್ವೋಚ್ಚ ನ್ಯಾಯಾಲಯದ ಆಜ್ಞೆಯಂತೆ ಸ್ಫೋಟಿಸಿ ಕೆಡವಿದರು. ಹೋಟೆಲಿನ ಹುಲ್ಲುಹಾಸಿನ ದೀಪಗಳ ಸಾಲು ರಾತ್ರಿ ಮರಳಿನವರೆಗೂ ಬೆಳಕು ಚೆಲ್ಲುತ್ತಿತ್ತು. ನಮ್ಮ ಜಿಲ್ಲೆಯ ತೈಕಡಪ್ಪುರದಂಥ ತೀರಗಳಿಗೆ ಮೊಟ್ಟೆಯಿಡಲು ಬರುವ ಆಲಿವ್ ರಿಡ್ಲಿ ಆಮೆಗಳ ಮರಿಗಳು ಇರುಳಿನಲ್ಲಿ ಹೆಚ್ಚು ಬೆಳಕಿರುವ ದಿಕ್ಕನ್ನೇ ಕಡಲೆಂದು ನಂಬಿ ನಡೆಯುತ್ತವೆ. ಪಡಸಾಲೆಯ ಗೋಡೆಯಲ್ಲಿ ಹಿತ್ತಾಳೆಯ ಆಮೆಯೊಂದು ಬಹಳ ಚೆಂದವಾಗಿತ್ತು.

ಇನ್ನು ಭಾಷೆಯ ಮಾತು. ಬಾಗಿಲ ಬಳಿ ತೆಯ್ಯಂನ ಮುಡಿ, ಒಳಗೆ ಯಕ್ಷಗಾನದ ಕಿರೀಟ. ಪಾರ್ತಿಸುಬ್ಬನ ನಾಡಿಗೆ ಬಂದ ಪ್ರವಾಸಿ ಎರಡನ್ನೂ ಒಂದೇ ಉಸಿರಿನಲ್ಲಿ ನೋಡಿ ಮುಂದೆ ಹೋಗುವಂತೆ ಅವನ್ನು ಜೋಡಿಸಿದ್ದರು. ಫಲಕಗಳಲ್ಲಿ ಇಂಗ್ಲಿಷ್ ಮತ್ತು ಮಲಯಾಳ. ಕನ್ನಡ ಇರಲಿಲ್ಲ. ಚಂದ್ರಗಿರಿಯ ದಕ್ಷಿಣಕ್ಕೆ ಅದನ್ನು ನಿರೀಕ್ಷಿಸುವುದು ಅತಿಯೆಂದು ಕೆಲವರು ಹೇಳಿಯಾರು. ಆದರೆ ಊಟ ಬಡಿಸುತ್ತಿದ್ದ ಹುಡುಗ ನಾವಿಬ್ಬರು ಮಾತಾಡುವುದನ್ನು ಕೇಳಿ ಹತ್ತಿರ ಬಂದು, “ಸರ್, ನಿಮಗೆ ಎಲ್ಲಾಯಿತು?” ಎಂದ. ತಾನು ಪೈವಳಿಕೆ ಕಡೆಯವನೆಂದೂ ಹತ್ತನೆಯವರೆಗೆ ಕನ್ನಡ ಮೀಡಿಯಂ ಓದಿದವನೆಂದೂ ತಿಳಿಸಿದ. ಅವನ ಎದೆಯ ಬ್ಯಾಡ್ಜಿನಲ್ಲಿ ಹೆಸರಿನ ಕೆಳಗೆ ಇಂಗ್ಲಿಷ್, ಹಿಂದಿ, ಮಲಯಾಳ ಎಂದು ಅವನು ಬಲ್ಲ ಭಾಷೆಗಳ ಪಟ್ಟಿಯಿತ್ತು. “ಕನ್ನಡ ಯಾಕೆ ಬರೆದಿಲ್ಲ ಮಗಾ?” ಎಂದು ಕೇಳಿದೆವು. “ಬೆಂಗಳೂರಿನ ಗೆಸ್ಟುಗಳೇ ಹೆಚ್ಚು ಬರುವುದು ಸರ್. ಅವರೆಲ್ಲ ಇಂಗ್ಲಿಷಿನಲ್ಲೇ ಮಾತಾಡುತ್ತಾರೆ” ಎಂದ. ಅವನ ಮಾತಿನಲ್ಲಿ ದೂರು ಇರಲಿಲ್ಲ. ಗಡಿಯಾಚೆಯ ಸರಕಾರವನ್ನು ದೂರಿ ದೂರಿ ಬಾಯಿ ಪಳಗಿದ ನಮಗೆ ಇದಕ್ಕೆ ಏನು ಉತ್ತರ ಕೊಡಬೇಕೆಂದು ತಿಳಿಯಲಿಲ್ಲ.

ಸ್ಥಳೀಯರನ್ನು ಒಳಗೊಳ್ಳುವುದು ಸಾಧ್ಯವಿಲ್ಲದ ಮಾತೇನೂ ಅಲ್ಲ. ಕುಮರಕದಲ್ಲಿ 2008ರಲ್ಲಿ ತೊಡಗಿದ ಜವಾಬ್ದಾರಿಯುತ ಪ್ರವಾಸೋದ್ಯಮದ ಪ್ರಯೋಗದಲ್ಲಿ ಕುಟುಂಬಶ್ರೀಯ ಹೆಂಗಸರು ಬೆಳೆದ ತರಕಾರಿಯನ್ನು ಹೋಟೆಲುಗಳು ಕೊಂಡವು. ಪಾಳುಬಿದ್ದ ಗದ್ದೆಗಳು ಮತ್ತೆ ಹಸಿರಾದವು. ಅಲ್ಲಿ ಪರಿಸರವೆಂಬುದು ಊರಿನವರ ಲೆಕ್ಕಪುಸ್ತಕದೊಳಗೂ ಬಂತು. ನಾವಿದ್ದ ಹೋಟೆಲಿನಲ್ಲಿ ಊರಿನವರು ಬರುವುದು ‘ಹಳ್ಳಿಯ ನಡಿಗೆ’ ಎಂಬ ಒಂದು ಗಂಟೆಯ ಕಾರ್ಯಕ್ರಮದಲ್ಲಿ, ನೋಟದ ವಸ್ತುವಾಗಿ.

ಇಷ್ಟು ಬರೆದ ಮೇಲೆ ಅದೇ ಕನ್ನಡಿಯನ್ನು ನಮ್ಮ ಕಡೆಗೂ ತಿರುಗಿಸಬೇಕಾಗಿದೆ. ಕಡಲನ್ನು ನೋಟವಾಗಿಸಿದ್ದು ಹೋಟೆಲು ಮಾತ್ರವೇ? ಕಾಸರಗೋಡಿನ ನೆಲದ ಕನ್ನಡ ಕಾದಂಬರಿಗಳೆಂದರೆ ಥಟ್ಟನೆ ನೆನಪಾಗುವವು ನಿರಂಜನರ ‘ಚಿರಸ್ಮರಣೆ’, ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’. ಒಂದು ಕಯ್ಯೂರಿನ ರೈತರ ಹೋರಾಟ, ಇನ್ನೊಂದು ಮುಸ್ಲಿಂ ಹೆಣ್ಣೊಬ್ಬಳ ಬವಣೆ. ಎರಡೂ ಹಿರಿಯ ಕೃತಿಗಳು, ಎರಡೂ ಹೊಳೆಯ ದಡದವು. ಅಳಿವೆಯನ್ನು ದಾಟಿ ಕಡಲಿಗೆ ಇಳಿದ ಕೃತಿ ನಮ್ಮಲ್ಲಿ ವಿರಳ. ಕಾರಂತರ ‘ಮರಳಿ ಮಣ್ಣಿಗೆ’ ಕಡಲ ಮಗ್ಗುಲಲ್ಲೇ ನಡೆಯುತ್ತದೆ. ಅಲ್ಲಿ ಕಡಲಿನ ಚೆಲುವು ಬಾಗಿದ ಬೆನ್ನುಗಳ ನಡುವಿನಿಂದ ಕಾಣುತ್ತದೆ. ಆದರೂ ಅದು ದಡದ ಬೇಸಾಯಗಾರರ ಮನೆಯಿಂದ ಕಂಡ ಕಡಲು. ಮಲಯಾಳದಲ್ಲಿ ತಕಳಿಯವರ ‘ಚೆಮ್ಮೀನ್’ 1956ರಲ್ಲೇ ಬಂತು. ಬೆಸ್ತರ ಮನೆಯೊಳಗಿನ ಆಸೆ, ಸಾಲ, ಭಯ ಅಲ್ಲಿ ಕಥೆಯಾದವು. ನಮ್ಮ ಗಡಿನಾಡಿನ ಕನ್ನಡ ಮುಖ್ಯವಾಗಿ ಅಡಕೆತೋಟದ, ಶಾಲೆಯ, ಮೇಳದ ಕನ್ನಡ. ಕಡಪ್ಪುರದ ಜನ ಮಾತಾಡುವ ಮಲಯಾಳವನ್ನೋ ತುಳುವನ್ನೋ ನಾವು ಮೀನು ಕೊಳ್ಳುವಷ್ಟು ಮಾತ್ರ ಕಲಿತೆವು. ಬೂತಾಯಿಗೆ ಮತ್ತಿ, ಬಂಗುಡೆಗೆ ಐಲ ಎಂದು ಗೊತ್ತು. ‘ಚಾಕರ’ ಎಂಬ ಒಂದೇ ಪದದಲ್ಲಿ ಮಳೆಗಾಲದ ಕೆಸರು, ಶಾಂತವಾದ ನೀರು, ದಡದತ್ತ ಮುಗಿಬೀಳುವ ಮೀನು ಎಲ್ಲ ಅಡಗಿದೆಯೆಂದು ನಮಗೆ ತಿಳಿದದ್ದು ಪುಸ್ತಕದಿಂದ, ಅದೂ ನಿವೃತ್ತಿಯ ನಂತರ. ಪರಿಸರದ ಅರಿವು ಇಂಥ ಪದಗಳಲ್ಲಿ ಶತಮಾನಗಳಿಂದ ಕೂಡಿಬಂದಿರುತ್ತದೆ. ಹೋಟೆಲು ಮುರಕಲ್ಲನ್ನು ಉಳಿಸಿಕೊಂಡು ಪದಗಳನ್ನು ಬಿಟ್ಟಿತು. ನಾವೋ ನಮ್ಮ ಪದಗಳಿಗಾಗಿ ಸಭೆ ಸೇರುತ್ತೇವೆ, ಠರಾವು ಮಾಡುತ್ತೇವೆ. ನೆರೆಯವರ ಪದಗಳನ್ನು ಕೇಳಲೇ ಇಲ್ಲ.

ಎರಡನೆಯ ದಿನ ಬೆಳಿಗ್ಗೆ ಆರಕ್ಕೆ ತೀರಕ್ಕೆ ಬನ್ನಿ, ಬಲೆ ಎಳೆಯುವುದು ಕಾಣುತ್ತದೆ ಎಂದು ಪೈವಳಿಕೆಯ ಹುಡುಗ ಹೇಳಿದ್ದ. ಹೋದೆವು. ಹೋಟೆಲಿನ ಎಲ್ಲೆಯನ್ನು ಗುರುತಿಸಲು ಗೂಟ ನೆಟ್ಟು ತೆಂಗಿನ ನಾರಿನ ಹಗ್ಗ ಕಟ್ಟಿದ್ದರು, ಅದೂ ಪರಿಸರಸ್ನೇಹಿಯೇ. ಅದರಾಚೆ ಇಪ್ಪತ್ತು ಮಂದಿ ಎರಡು ಸಾಲಾಗಿ ನಿಂತು ಕೈರಂಪಣಿ ಬಲೆಯ ಹಗ್ಗವನ್ನು ಎಳೆಯುತ್ತಿದ್ದರು. ಈಚೆ ಮಗ್ಗುಲಿನ ಕೋಣೆಯವರು ಕಾಫಿ ಬಟ್ಟಲು ಹಿಡಿದು ಫೋಟೋ ತೆಗೆಯುತ್ತಿದ್ದರು. ನಾವು ಹಗ್ಗದಡಿಯಿಂದ ಬಗ್ಗಿ ಆಚೆಗೆ ಹೋದೆವು. ಈ ವಯಸ್ಸಿನಲ್ಲಿ ಅದೂ ಸುಲಭವಾಗಿರಲಿಲ್ಲ. ಸಾಲಿನ ತುದಿಯಲ್ಲಿ ಹಗ್ಗ ಸುತ್ತುತ್ತಿದ್ದ ಹಿರಿಯರೊಬ್ಬರು ನಮ್ಮ ಹರಕು ಮಲಯಾಳಕ್ಕೆ ನಕ್ಕು, ಈಗೀಗ ಮೀನು ಏಕೆ ಕಡಮೆ ಎಂಬುದನ್ನು ವಿವರಿಸತೊಡಗಿದರು. ನೀರಿನ ಸೆಳೆತ ದಿಕ್ಕು ಬದಲಿಸುವುದಕ್ಕೆ ಅವರು ಒಂದು ಮಾತು ಬಳಸಿದರು. ನಾವು ಕೇಳಿರದ ಮಾತು. ಕೋಣೆಯಿಂದ ತಂದಿದ್ದ, ಮರುಬಳಕೆಯ ಕಾಗದವೆಂದು ಅಂಚಿನಲ್ಲಿ ಅಚ್ಚಾಗಿದ್ದ ಹೋಟೆಲಿನ ಚೀಟಿಪುಸ್ತಕದಲ್ಲಿ ಅದನ್ನು ಕನ್ನಡ ಲಿಪಿಯಲ್ಲಿ ಬರೆದುಕೊಂಡೆವು. ಸರಿಯಾಗಿ ಬರೆದೆವೋ ಇಲ್ಲವೋ ಎಂದು ಓದಿ ತೋರಿಸುವಷ್ಟರಲ್ಲಿ ಬಲೆ ದಡಕ್ಕೆ ಬಂದಿತ್ತು. ಅವರು ಹಗ್ಗ ಬಿಟ್ಟು ನೀರಿಗಿಳಿದರು.