ಬಗ್ಗಡದಿಂದ ಹಾರುವ ಅಮೋನಿಯ: ‘ಆಲ್‌ಫಾಮ್’ ಲೆಕ್ಕವನ್ನು ಎಷ್ಟು ನಂಬಬಹುದು?

ಹೈನು ರಾಸುಗಳ ಸಗಣಿ, ಗಂಜಲ ಬೆರೆತ ಬಗ್ಗಡವನ್ನು ಹೊಲಕ್ಕೆ ಹರಡಿದಾಗ ಅದರ ನೈಟ್ರೊಜನ್‌ನಲ್ಲಿ ಒಂದು ಪಾಲು ಬೆಳೆಗೆ ದಕ್ಕದೆ ಅಮೋನಿಯ ಅನಿಲವಾಗಿ ಗಾಳಿ ಸೇರುತ್ತದೆ. ಆ ಪಾಲು ಎಷ್ಟು? ಸೋಗಾರ್ಡ್ ಮತ್ತು ಸಂಗಡಿಗರು 2002ರಲ್ಲಿ ‘ಅಟ್ಮಾಸ್ಫೆರಿಕ್ ಎನ್ವಿರಾನ್‌ಮೆಂಟ್’ ಪತ್ರಿಕೆಯಲ್ಲಿ ಪ್ರಕಟಿಸಿದ ‘ಆಲ್‌ಫಾಮ್’ ಎಂಬ ಗಣಿತ ಮಾದರಿ ಈ ಪ್ರಶ್ನೆಗೆ ಉತ್ತರ ಕೊಡಲು ಹೊರಟಿತು. ಯೂರೋಪಿನ ಏಳು ದೇಶಗಳ ಪ್ರಯೋಗಗಳ ದತ್ತಾಂಶ ಅದಕ್ಕೆ ಆಧಾರ. ಅದನ್ನು ಉಪಯೋಗಿಸುವವರು ಬಹಳ. ಒಳಗೆ ಏನಿದೆ ಎಂದು ನೋಡುವವರು ಕಡಿಮೆ.

ಮೊದಲು ರಸಾಯನ ವಿಜ್ಞಾನ. ಗಂಜಲದಲ್ಲಿರುವ ಯೂರಿಯವನ್ನು ಸಗಣಿಯ ಸೂಕ್ಷ್ಮಜೀವಿಗಳ ಯೂರಿಯೇಸ್ ಕಿಣ್ವ ಅಮೋನಿಯಮ್ ಆಗಿ ಒಡೆಯುತ್ತದೆ. ದ್ರವದಲ್ಲಿ ಅಮೋನಿಯಮ್ ಅಯಾನು ಮತ್ತು ಅಮೋನಿಯ ಅಣು ಸಮತೋಲದಲ್ಲಿರುತ್ತವೆ. ಗಾಳಿಗೆ ಹಾರುವುದು ಅಣು ಮಾತ್ರ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಪಿಎಚ್ 7.25 ಇದ್ದರೆ ನೂರರಲ್ಲಿ ಸುಮಾರು 1 ಪಾಲು ಅಣುರೂಪದಲ್ಲಿರುತ್ತದೆ; ಪಿಎಚ್ 8.25 ಆದರೆ ಸುಮಾರು 9 ಪಾಲು. ಈ ಎರಡು ಅಂಕಿಗಳನ್ನು ನೆನಪಿಡಿ.

ಮಾದರಿಯ ಚೌಕಟ್ಟು ವಿದ್ಯಾರ್ಥಿಗಳಿಗೆ ಪರಿಚಿತವಾದುದೇ: ಕಿಣ್ವಗಳ ಪಾಠದಲ್ಲಿ ಬರುವ ಮೈಕೇಲಿಸ್–ಮೆಂಟೆನ್ ಸಮೀಕರಣ. ಅಲ್ಲಿ ಕ್ರಿಯಾವಸ್ತುವಿನ ಸಾರತೆ ಇರುವ ಜಾಗದಲ್ಲಿ ಇಲ್ಲಿ ಕಾಲವಿದೆ. ಒಂದು ಸ್ಥಿರಾಂಕ ಕೊನೆಗೆ ಆಗುವ ಒಟ್ಟು ನಷ್ಟವನ್ನು ಹೇಳಿದರೆ, ಇನ್ನೊಂದು ಅದರಲ್ಲಿ ಅರ್ಧ ನಷ್ಟವಾಗಲು ಹಿಡಿಯುವ ಸಮಯವನ್ನು ಹೇಳುತ್ತದೆ. ಬಗ್ಗಡ ಹರಡಿದ ಮೊದಲ ಕೆಲವು ಗಂಟೆಗಳಲ್ಲಿ ನಷ್ಟ ತೀವ್ರವಾಗಿದ್ದು ಬಳಿಕ ನಿಧಾನವಾಗುತ್ತದೆ; ಈ ನಡೆಗೆ ಆ ವಕ್ರರೇಖೆ ಚೆನ್ನಾಗಿ ಹೊಂದುತ್ತದೆ. ಆದರೆ ಎರವಲು ತಂದಿರುವುದು ರೇಖೆಯ ಆಕಾರವನ್ನೇ ಹೊರತು ಕ್ರಿಯೆಯ ವಿಧಾನವನ್ನಲ್ಲ. ಅಧ್ಯಾಪಕರು ಇದನ್ನು ಸ್ಪಷ್ಟಪಡಿಸದಿದ್ದರೆ ‘ಮಣ್ಣಿನಲ್ಲಿ ಯಾವ ಕಿಣ್ವ ಪರ್ಯಾಪ್ತವಾಯಿತು?’ ಎಂದು ಜಾಣ ವಿದ್ಯಾರ್ಥಿ ಕೇಳಿಯೇ ಕೇಳುತ್ತಾನೆ.

ಮಾದರಿ ಕೊಡುವ ಅಂಕಿಗಳಲ್ಲಿ ಹಲವು ಸಹಜವಾಗಿವೆ. ಉಷ್ಣತೆ ಒಂದು ಡಿಗ್ರಿ ಏರಿದರೆ ನಷ್ಟ ಶೇಕಡ 2, ಗಾಳಿಯ ವೇಗ ಸೆಕೆಂಡಿಗೆ ಒಂದು ಮೀಟರ್ ಹೆಚ್ಚಿದರೆ ಶೇಕಡ 4 ಹೆಚ್ಚುತ್ತದೆ. ಬಗ್ಗಡದ ಒಣ ಪದಾರ್ಥ ಶೇಕಡ 4ರಿಂದ 5ಕ್ಕೆ ಏರಿದರೆ ಶೇಕಡ 11 ಹೆಚ್ಚುತ್ತದೆ. ಗಟ್ಟಿ ಬಗ್ಗಡ ಮಣ್ಣಿನ ರಂಧ್ರಗಳಿಗೆ ಇಳಿಯದೆ ಮೇಲೆಯೇ ನಿಲ್ಲುವುದು ಇದಕ್ಕೆ ಕಾರಣ.

ತೊಡಕಿರುವುದು ಇನ್ನೊಂದು ಅಂಕಿಯಲ್ಲಿ. ಒಂದು ಕಿಲೋಗ್ರಾಂ ಬಗ್ಗಡದಲ್ಲಿ ಅಮೋನಿಯ ರೂಪದ ನೈಟ್ರೊಜನ್ ಒಂದು ಗ್ರಾಂ ಹೆಚ್ಚಿದಾಗ ನಷ್ಟ ಶೇಕಡ 17 ಇಳಿಯುತ್ತದಂತೆ! ಇಲ್ಲಿ ನಷ್ಟವೆಂದರೆ ಹಾಕಿದ ಅಮೋನಿಯ ನೈಟ್ರೊಜನ್‌ನಲ್ಲಿ ಹಾರಿಹೋದ ಭಾಗ, ಹಾರಿಹೋದ ತೂಕವಲ್ಲ. ಬಗ್ಗಡದ ಪ್ರಮಾಣ ಅಷ್ಟೇ ಇದ್ದು ನೈಟ್ರೊಜನ್ 2 ಗ್ರಾಂನಿಂದ 3 ಗ್ರಾಂಗೆ ಏರಿದರೆ, ತೂಕದ ಲೆಕ್ಕದಲ್ಲಿ ನಷ್ಟ 2 ಇದ್ದದ್ದು 3 × 0.83, ಅಂದರೆ 2.49 ಆಗುತ್ತದೆ. ಇದು ಸರಿ. ಆದರೆ 6ರಿಂದ 7ಕ್ಕೆ ಏರಿಸಿ ನೋಡಿ: 6 ಇದ್ದದ್ದು 5.81 ಆಗುತ್ತದೆ. ಅಮೋನಿಯ ಹೆಚ್ಚು ಸುರಿದಷ್ಟೂ ಹಾರುವುದು ಕಡಿಮೆ! ಮೇಲೆ ಹೇಳಿದ ಸಮತೋಲ ಇದಕ್ಕೆ ಎಡೆಗೊಡುವುದಿಲ್ಲ. ಇದು ನಿಸರ್ಗದ ನಿಯಮವಲ್ಲ, ಸಂಖ್ಯಾಶಾಸ್ತ್ರದ ಹೊಂದಾಣಿಕೆ. ನೈಟ್ರೊಜನ್ ಹೆಚ್ಚಿದ್ದ ಬಗ್ಗಡಗಳಲ್ಲಿ ಬೇರೆ ಗುಣಗಳೂ ಜೊತೆಯಲ್ಲೇ ಬದಲಾಗಿದ್ದಿರಬೇಕು. ಹಾಗೆ ಬದಲಾಗಬಲ್ಲ ಗುಣಗಳಲ್ಲಿ ಮುಖ್ಯವಾದ ಪಿಎಚ್ ಮಾದರಿಯ ಪಟ್ಟಿಯಲ್ಲೇ ಇರಲಿಲ್ಲ. ಒಂದು ಅಂಕ ಏರಿದರೆ ಅಣುಗಳ ಪಾಲನ್ನು ಒಂಬತ್ತು ಪಟ್ಟು ಮಾಡುವ ಅಂಶವನ್ನು ಬಿಟ್ಟು ಗಾಳಿಯ ಶೇಕಡ 4ನ್ನು ಎಣಿಸುವುದು, ಬಾಗಿಲು ತೆರೆದಿಟ್ಟು ಕಿಟಕಿಗೆ ಅಗುಳಿ ಹಾಕಿದಂತೆ.

ಹಾಗೆಂದು ಈ ಕೆಲಸವನ್ನು ತಳ್ಳಿಹಾಕುವಂತಿಲ್ಲ. ನಷ್ಟವನ್ನು ಅಳೆದ ವಿಧಾನವನ್ನೂ ಇದು ಒಂದು ಅಂಶವಾಗಿ ಪರಿಗಣಿಸಿತು. ಚಿಕ್ಕ ಗಾಳಿ ಸುರಂಗದಲ್ಲಿ ಅಳೆದದ್ದಕ್ಕೂ ಬಯಲಲ್ಲಿ ಅಳೆದದ್ದಕ್ಕೂ ವ್ಯತ್ಯಾಸವಿದೆ ಎಂದು ಒಪ್ಪಿಕೊಂಡ ಈ ಪ್ರಾಮಾಣಿಕತೆ ದೊಡ್ಡದು. 2019ರಲ್ಲಿ ಬಂದ ‘ಆಲ್‌ಫಾಮ್2’ ಬಗ್ಗಡದ ನೈಟ್ರೊಜನ್ ಅನ್ನು ಬೇಗ ಹಾರುವುದು, ನಿಧಾನವಾಗಿ ಹಾರುವುದು ಎಂದು ಎರಡು ಪಾಲು ಮಾಡಿತು. ಪಿಎಚ್‌ಗೂ ಜಾಗ ಕೊಟ್ಟಿತು.

ಇಂಥ ಲೆಕ್ಕಗಳ ಬಿಸಿ ಎಷ್ಟೆಂಬುದನ್ನು ನೆದರ್‌ಲ್ಯಾಂಡ್ಸ್ ಕಂಡಿದೆ. ಆ ದೇಶ ಬಗ್ಗಡವನ್ನು ಮೇಲ್ಮೈಯಲ್ಲಿ ಎರಚುವುದನ್ನು 1990ರ ದಶಕದಿಂದಲೇ ನಿರ್ಬಂಧಿಸಿ, ಸೀಳು ಮಾಡಿ ಮಣ್ಣಿನೊಳಗೆ ಸೇರಿಸುವ ಕ್ರಮ ತಂದಿತು. 2019ರ ಮೇ 29ರಂದು ಅಲ್ಲಿನ ಉನ್ನತ ಆಡಳಿತ ನ್ಯಾಯಪೀಠ ಸರ್ಕಾರದ ನೈಟ್ರೊಜನ್ ಯೋಜನೆಯನ್ನು ಪರವಾನಗಿಗಳಿಗೆ ಆಧಾರವಾಗಿಸುವಂತಿಲ್ಲವೆಂದಿತು. ಅಕ್ಟೋಬರ್‌ನಲ್ಲಿ ರೈತರು ಟ್ರ್ಯಾಕ್ಟರುಗಳೊಂದಿಗೆ ಹೇಗ್ ನಗರಕ್ಕೆ ನುಗ್ಗಿದರು. 2020ರಲ್ಲಿ ಹೋರ್ಡೈಕ್ ಸಮಿತಿ ಅಲ್ಲಿನ ‘ಏರಿಯಸ್’ ಗಣಕ ಸಾಧನವನ್ನು ಪರಿಶೀಲಿಸಿ, ಅದರ ಅನಿಶ್ಚಿತತೆಗೆ ಹೋಲಿಸಿದರೆ ವಿವರ ಅತಿಯಾಯಿತು, ಒಂದೊಂದು ಪರವಾನಗಿಯನ್ನು ನಿರ್ಧರಿಸಲು ಅದು ತಕ್ಕುದಲ್ಲ ಎಂದಿತು. ಏರಿಯಸ್ ಬೇರೆ, ಆಲ್‌ಫಾಮ್ ಬೇರೆ. ಆದರೆ ಅನೇಕ ಪ್ರಯೋಗಗಳ ಸರಾಸರಿಯನ್ನು ಒಂದು ಹೊಲದ ಮೇಲೆ ದಶಮಾಂಶದವರೆಗೆ ಇಳಿಸುವ ಆಸೆ ಎರಡು ಕಡೆಯೂ ಒಂದೇ. ಅಲ್ಲದೆ ಆಲ್‌ಫಾಮ್ ಎಣಿಸುವುದು ಅಮೋನಿಯವನ್ನು ಮಾತ್ರ. ಸೀಳಿನೊಳಗೆ ಉಳಿಸಿದ ನೈಟ್ರೊಜನ್, ಆಕ್ಸಿಜನ್ ಸಾಲದ ಒದ್ದೆ ಮಣ್ಣಿನಲ್ಲಿ ನೈಟ್ರಸ್ ಆಕ್ಸೈಡ್ ಆಗಿ ಹೊರಟರೆ ಅದು ಈ ಲೆಕ್ಕಕ್ಕೆ ಸಿಗದು. ನೂರು ವರ್ಷಗಳ ಅವಧಿಯಲ್ಲಿ ಆ ಅನಿಲದ ತಾಪವರ್ಧಕ ಶಕ್ತಿ ಕಾರ್ಬನ್ ಡೈಆಕ್ಸೈಡ್‌ನ ಸುಮಾರು 273 ಪಟ್ಟು.

ನಮ್ಮ ವಿದ್ಯಾರ್ಥಿಗಳು ಪ್ರಾಜೆಕ್ಟ್‌ಗಳಿಗೆ ಈ ಅಂಕಿಗಳನ್ನು ಎತ್ತಿಕೊಳ್ಳುವ ಮುನ್ನ ಇನ್ನೊಂದು ವಿಷಯ ನೋಡಬೇಕು. ಈ ಮಾದರಿ ಇರುವುದು ದ್ರವರೂಪದ ಬಗ್ಗಡಕ್ಕೆ. ತಿಪ್ಪೆಯಲ್ಲಿ ತಿಂಗಳುಗಟ್ಟಲೆ ಕೊಳೆತ ಕೊಟ್ಟಿಗೆ ಗೊಬ್ಬರ ಹೊಲಕ್ಕೆ ಬರುವಷ್ಟರಲ್ಲಿ ತಿಪ್ಪೆಯಲ್ಲೇ ಸಾಕಷ್ಟು ಅಮೋನಿಯ ಕಳೆದುಕೊಂಡಿರುತ್ತದೆ. ನಮ್ಮಲ್ಲಿ ಇದಕ್ಕೆ ಹತ್ತಿರವಾದುದು ಗೋಬರ್ ಗ್ಯಾಸ್ ತೊಟ್ಟಿಯಿಂದ ಹೊರಬರುವ ಬಗ್ಗಡ. ಹುದುಗುವಿಕೆಯಿಂದ ಅದರಲ್ಲಿ ಒಣ ಪದಾರ್ಥ ಇಳಿದು, ಅಮೋನಿಯ ನೈಟ್ರೊಜನ್ ಮತ್ತು ಪಿಎಚ್ ಎರಡೂ ಸಾಮಾನ್ಯವಾಗಿ ಏರಿರುತ್ತವೆ. 2002ರ ಸೂತ್ರಕ್ಕೆ ಹಾಕಿದರೆ ಮೊದಲ ಎರಡು ಬದಲಾವಣೆಗಳೂ ನಷ್ಟವನ್ನು ಕಡಿಮೆ ತೋರಿಸುತ್ತವೆ. ನಷ್ಟವನ್ನು ಹೆಚ್ಚಿಸುವ ಮೂರನೆಯದು ಅದರ ಕಣ್ಣಿಗೇ ಬೀಳುವುದಿಲ್ಲ.