ಸೋತ ಪಕ್ಷದ ವಾದ: ‘ಬ್ರೂಟಸ್’ ಲೇಖನಮಾಲೆ

ಅಮೆರಿಕದ ಸಂವಿಧಾನವನ್ನು ಅಭ್ಯಾಸ ಮಾಡುವವರು ‘ಫೆಡರಲಿಸ್ಟ್’ ಲೇಖನಗಳನ್ನು ಓದಿ ಅಷ್ಟಕ್ಕೇ ತೃಪ್ತರಾಗುವುದುಂಟು. ಗೆದ್ದವರ ಮಾತನ್ನಷ್ಟೇ ಕೇಳಿ ತೀರ್ಪು ಕೊಡುವುದು ವಿಮರ್ಶೆಯೆನಿಸದು. 1787ರ ಅಕ್ಟೋಬರಿನಿಂದ 1788ರ ಏಪ್ರಿಲಿನವರೆಗೆ ನ್ಯೂಯಾರ್ಕಿನ ಪತ್ರಿಕೆಯೊಂದರಲ್ಲಿ ‘ಬ್ರೂಟಸ್’ ಎಂಬ ಅಂಕಿತದಿಂದ ಪ್ರಕಟವಾದ 16 ಲೇಖನಗಳು ವಿರೋಧಪಕ್ಷದ ವಾದವನ್ನು ಸಮರ್ಥವಾಗಿ ಮಂಡಿಸುತ್ತವೆ. ಇವುಗಳ ಕರ್ತೃ ಯಾರೆಂಬುದು ಇನ್ನೂ ನಿರ್ವಿವಾದವಾಗಿ ಸಿದ್ಧವಾಗಿಲ್ಲ. ಅದರಿಂದ ವಾದದ ಬೆಲೆಗೆ ಕುಂದೇನೂ ಇಲ್ಲ.

ಆತನ ಆಕ್ಷೇಪಗಳಲ್ಲಿ ಮೂರು ಮುಖ್ಯವಾದುವು. ವಿಶಾಲವಾದ ದೇಶದಲ್ಲಿ ಗಣರಾಜ್ಯ ಬಾಳದು, ಪ್ರತಿನಿಧಿಗೆ ಪ್ರಜೆಯ ಪರಿಚಯವೇ ಇರದು ಎಂಬುದು ಮೊದಲನೆಯದು. ಇದು ಅತಿಯಾಯಿತು, ನಮ್ಮ ಭಾರತವೇ ಇದಕ್ಕೆ ಪ್ರತ್ಯುತ್ತರ. ಆದರೂ ಪ್ರತಿನಿಧಿಗೂ ಪ್ರಜೆಗೂ ನಡುವಣ ದೂರವನ್ನು ಕುರಿತ ಅಳುಕು ಸುಳ್ಳಲ್ಲ. ಸರ್ವೋಚ್ಚ ನ್ಯಾಯಾಲಯದ ಮೇಲೆ ಅಂಕುಶವಿಲ್ಲವೆಂಬುದು ಎರಡನೆಯದು. ನ್ಯಾಯಾಂಗವೇ ಅತ್ಯಂತ ದುರ್ಬಲವಾದ ಅಂಗವೆಂದು ಹ್ಯಾಮಿಲ್ಟನ್ ತನ್ನ 78ನೆಯ ಲೇಖನದಲ್ಲಿ ವಾದಿಸಿದರೂ ಆ ಚರ್ಚೆ ಮುಗಿದಿಲ್ಲ. ಪ್ರಜೆಯ ಹಕ್ಕುಗಳ ಘೋಷಣೆಯಿಲ್ಲವೆಂಬುದು ಮೂರನೆಯದು.

1788ರ ಜುಲೈ 26ರಂದು ನ್ಯೂಯಾರ್ಕ್ 30ಕ್ಕೆ 27 ಮತಗಳಿಂದ ಸಂವಿಧಾನವನ್ನು ಅಂಗೀಕರಿಸಿತು. ಬ್ರೂಟಸನ ಪಕ್ಷ ಸೋತಿತು. ಆದರೆ ಆ ಪಕ್ಷದ ಒತ್ತಾಯದ ಫಲವಾಗಿಯೇ 1791ರಲ್ಲಿ ಮೊದಲ 10 ತಿದ್ದುಪಡಿಗಳು ಜಾರಿಗೆ ಬಂದವು. ಇಂದು ಅಮೆರಿಕನ್ ಪ್ರಜೆ ಅಭಿಮಾನದಿಂದ ಹೇಳಿಕೊಳ್ಳುವ ವಾಕ್‌ಸ್ವಾತಂತ್ರ್ಯ ಮೂಲ ಸಂವಿಧಾನದಲ್ಲಿರಲಿಲ್ಲ. ಅದನ್ನು ಬರೆಯಿಸಿದ್ದು ಒಪ್ಪದವರ ಹಟ. ಆದುದರಿಂದ ಈ ಎರಡು ಮಾಲೆಗಳನ್ನೂ ಜೊತೆಯಲ್ಲಿಟ್ಟು ಓದುವುದೇ ನ್ಯಾಯ.