ಉದಾಸೀನ, ಉಪೇಕ್ಷೆ: ಯಾರ ಮಾತು, ಯಾರ ಮೇಲೆ?

ದಲಿತ ಕಥೆಗಳ ವಿಮರ್ಶೆ ಓದುವಾಗ ಎರಡು ಮಾತು ನನ್ನನ್ನು ಕಾಡುತ್ತವೆ. ಲೇಖಕ 'ನಿರ್ಲಿಪ್ತ'ನಾಗಿ ಬರೆದಿದ್ದಾನೆ ಅಂದರೆ ಮೆಚ್ಚುಗೆ. ಅವನ ಪಾತ್ರ ಪೆಟ್ಟು ತಿಂದು ಸುಮ್ಮನಿದ್ದರೆ ಅದು 'ಜಡತೆ', 'ಉದಾಸೀನ'. ಬರೆಯುವವನಿಗೆ ಗುಣವಾದದ್ದು ಬದುಕುವವನಿಗೆ ರೋಗ ಹೇಗಾಯ್ತು?

ಸಂಸ್ಕೃತದ 'ಉದಾಸೀನ' ಅಂದರೆ ಪಕ್ಷ ವಹಿಸದೆ ದೂರ ಕೂತವನು. ಅರ್ಥಶಾಸ್ತ್ರದಲ್ಲಿ ಅವನೊಬ್ಬ ಬಲಾಢ್ಯ ರಾಜ. ಗೀತೆಯಲ್ಲಂತೂ ಕರ್ಮ ಅಂಟದ ದೇವರೇ ಉದಾಸೀನನಂತೆ ಕೂತಿದ್ದಾನೆ. ಕೂರಲು ಎತ್ತರದ ಜಾಗ ಇದ್ದವರ ಮಾತು ಇದು. (ಮಂಗಳೂರು ಕಡೆ ಈಗ 'ಉದಾಸೀನ ಆಗ್ತದೆ' ಅಂದರೆ ಬರೀ ಸೋಮಾರಿತನ.) 'ಉಪೇಕ್ಷೆ'ಯ ಕತೆ ಇನ್ನೂ ವಿಚಿತ್ರ. ಅದರೊಳಗಿರುವುದು 'ನೋಡು' ಎಂಬ ಧಾತು. ಬೌದ್ಧರಿಗೆ ಅದು ಮೈತ್ರಿ, ಕರುಣೆ, ಮುದಿತೆಗಳ ಜೊತೆಗಿನ ನಾಲ್ಕನೆಯ ಬ್ರಹ್ಮವಿಹಾರ. ಕನ್ನಡದಲ್ಲಿ ನೋಡಿಯೂ ನೋಡದಂತಿರುವುದು.

ಅಂಬೇಡ್ಕರ್ ಇವೆರಡನ್ನೂ ಬೇರ್ಪಡಿಸಿದರು. 1936ರ 'ಜಾತಿ ವಿನಾಶ'ದಲ್ಲಿ ಉದಾಸೀನ ಅವರಿಗೆ ಕಂಡದ್ದು ಸಮುದಾಯವೊಂದನ್ನು ಹಿಡಿಯುವ ಅತಿ ಕೆಟ್ಟ ರೋಗವಾಗಿ, ಜಾತಿವ್ಯವಸ್ಥೆಯೇ ಹುಟ್ಟಿಸಿದ ರೋಗವಾಗಿ. ಅವರು ಬೊಟ್ಟು ಮಾಡಿದ್ದು ಪಕ್ಕದವನಿಗೆ ಪೆಟ್ಟು ಬಿದ್ದರೂ ಮಿಸುಕದ ಹಿಂದೂ ಸಮಾಜದ ಕಡೆಗೆ. ಆಮೇಲೆ ಆ ಬೊಟ್ಟನ್ನು ಕೇರಿಯ ಕಡೆಗೆ ತಿರುಗಿಸಿದವರು ನಾವೇ, ಓದಿದವರು. ಅವರು ತೀರಿಕೊಂಡ ಮೇಲೆ 1957ರಲ್ಲಿ ಬಂದ 'ಬುದ್ಧ ಮತ್ತು ಅವನ ಧಮ್ಮ'ದಲ್ಲಿ ಉಪೇಕ್ಷೆ ಎಂದರೆ ಫಲ ಏನಾದರೂ ಅಲುಗದೆ, ಹಿಡಿದ ಕೆಲಸವನ್ನೂ ಬಿಡದೆ ಇರುವುದು. ಚಳವಳಿಗಾರನಿಗೆ ಬೇಕಾದ ಈ ಅರ್ಥ ನಮ್ಮ ದಿನದ ಕನ್ನಡಕ್ಕೆ ಇಳಿದೇ ಇಲ್ಲ.

2000ದ ಮಾರ್ಚ್ 11ರಂದು ಆಗಿನ ಕೋಲಾರ ಜಿಲ್ಲೆಯ ಕಂಬಾಲಪಲ್ಲಿಯಲ್ಲಿ 7 ಮಂದಿ ದಲಿತರನ್ನು ಸುಟ್ಟು ಕೊಂದರು. ಸಾಕ್ಷಿಗಳು ಪ್ರತಿಕೂಲವಾದರು, 2006ರಲ್ಲಿ ಆರೋಪಿಗಳೆಲ್ಲ ಖುಲಾಸೆ, 2014ರಲ್ಲಿ ಹೈಕೋರ್ಟೂ ಅದನ್ನೇ ಎತ್ತಿಹಿಡಿಯಿತು. 'ಅವರಿಗೇ ಬೇಡವಾದ ಮೇಲೆ ನಮಗ್ಯಾಕ್ರೀ ಊರ ಉಸಾಬರಿ' ಅನ್ನೋ ಮಾತನ್ನು ನಾನು ಸ್ಟಾಫ್ ರೂಮಿನಲ್ಲಿ ಕೇಳಿದ್ದೇನೆ. ಅದೇ ಊರಲ್ಲಿ ಬಾಳಬೇಕಾದವನು ಬಾಯಿ ಕಟ್ಟಿಕೊಳ್ಳುವುದಕ್ಕೂ, ತಿಂಗಳ ಸಂಬಳದವನು ಬಾಯಿ ಮುಚ್ಚಿಕೊಳ್ಳುವುದಕ್ಕೂ ಒಂದೇ ಹೆಸರಿಟ್ಟರೆ ಅದು ಭಾಷೆಯೊಳಗಿನ ಅಸ್ಪೃಶ್ಯತೆ. ಮೊದಲನೆಯದು ಭಯ, ಅದಕ್ಕೆ ಲೆಕ್ಕಾಚಾರವಿದೆ, ನೆನಪಿದೆ. ಎರಡನೆಯದೇ ಉದಾಸೀನ.

ದೇವನೂರರ 'ಒಡಲಾಳ'ದ ಸಾಕವ್ವ ಕಳೆದುಹೋದ ಹುಂಜಕ್ಕಾಗಿ ಹುಡುಕಾಡುತ್ತಾಳೆ. ಬಿಟ್ಟುಹಾಕು ಅಂದರೂ ಬಿಡುವವಳಲ್ಲ. ಅವಳ ಎದುರು ನಿಂತು 'ಜಡತೆ' ಎಂಬ ಪದವನ್ನು ಯಾರ ಮೇಲೆ ಇಡುತ್ತೀರಿ ಅಂತ ನಮ್ಮ ವಿಮರ್ಶಕರನ್ನು ಕೇಳಬೇಕಾಗಿದೆ.